ದೊಡ್ಡಪ್ಪನ ಮೇಲಿನ ತಲೆಪಟ್ಟಿ

ಇಲ್ಲ, ದೊಡ್ಡಪ್ಪ ಕಾಣುತ್ತಿಲ್ಲ, ಕಂಪ್ಯೂಟರ್ ಪರದೆಯ ನೆತ್ತಿಯಲ್ಲಿ ನೀಲಿ ತಲೆಪಟ್ಟಿ, ಅದರಲ್ಲಿ ಕಿನ್ನರ ಗ್ರಾಮದ ನಮ್ಮ ಮನೆತನದ ವಂಶಾವಳಿ, ಸಂಪಾದಕ ರಾಮನಾಥ, ಅದರಡಿ ನಿವೃತ್ತ ಮುಖ್ಯಾಧ್ಯಾಪಕ, ಆದರ್ಶ ಶಿಕ್ಷಕ ಪ್ರಶಸ್ತಿ ವಿಭೂಷಿತ ಎಂಬ ಎರಡನೆಯ ಸಾಲು, ಅದರಡಿ ಒಮ್ಮೆಲೇ ದೊಡ್ಡಮ್ಮ — ಗಂಡನ ಹೆಸರೇ ಇಲ್ಲದ ಸಂಸಾರ. ಹೆಸರುಗಳ ಸೂಚಿಯಲ್ಲಿ ದೊಡ್ಡಪ್ಪನ ಹೆಸರು ಮಂಗೇಶ ಎಂಬುದನ್ನು ಒತ್ತಿದವನು ಅವರ ಮಗ ಮಧುಕರ, ಅಂಕೋಲೆಯಿಂದ ಬೆಳಗಿನ ಬಸ್ಸಿಗೆ ಬಂದವನು, ಎಂಟು ವರ್ಷಗಳ ಮುನಿಸು ಮರೆತು ಹಬ್ಬುವಾಡದ ನನ್ನ ಮನೆಯ ಮೆಟ್ಟಿಲು ಹತ್ತಿದವನು, ನನ್ನ ಮಗನ ಮದುವೆಯ ಕರೆಯೋಲೆಯಲ್ಲಿ ಹಿರಿಯರ ಸಾಲಿನಿಂದ ಅವನಪ್ಪನ ಹೆಸರು ಬಿಟ್ಟುಹೋಗಿತ್ತು, ಅಚ್ಚಿನವನ ತಪ್ಪೆಂದಿದ್ದೆ, ಕರಡು ತಿದ್ದಿದವನು ನಾನೇ ಎಂಬುದು ಊರಿಗೆಲ್ಲ ಗೊತ್ತಿತ್ತು, ಆ ಲೋಪವನ್ನು ಅಂತರ್ಜಾಲದಲ್ಲಿ ಜಗತ್ತಿನೆದುರೇ ಸರಿಪಡಿಸುವೆನೆಂದು ಫೋನಿನಲ್ಲಿ ಎಷ್ಟು ಗಂಭೀರವಾಗಿ ನುಡಿದಿದ್ದೆ — ಎಂತದೋ ರಾಮನಾಥ ಇದು, ಅವತ್ತು ಕಾಗದದಲ್ಲಿ ಬಿಟ್ಟೆ, ಇವತ್ತು ಅಪ್ಪನ ಮೇಲೇ ಕೂತ್ಕಂಡ್ಯಾ? ಮಧುಕರ ಎದ್ದ, ಚೀಲ ಹೆಗಲಿಗೇರಿಸಿದ, ಹೊರಟನೆಂದರೆ ಈ ಜನ್ಮಕ್ಕಾಯಿತು, ಕಂಪ್ಯೂಟರ್ ಕಲಿಸುವ ಸೊಸೆ ರಕ್ಷಿತಾ, ಪುಟ ಕಟ್ಟಿದವಳು, ಒಳಗಿನಿಂದ ಓಡಿಬಂದಳು, ಮಾವ, ಪಟ್ಟಿ ಯಾವಾಗ್ಲೂ ಮೇಲೆ ಅಂಟ್ಕಂಡೇ ಇರ್ಬೇಕು ಅಂದವ್ರು ನೀವೇ ಅಲ್ವಾ, ಕೊಂಡಿ ಒತ್ತಿದ್ರೆ ಹೆಸ್ರು ಪರದೆ ತುದಿಗೇ ಹೋಗಿ ನಿಲ್ತದೆ, ಅಲ್ಲಿ ನಿಮ್ಮ ಪಟ್ಟಿ ಉಂಟು — ಗ್ರಂಥದ ಮುಖದಲ್ಲಿ ಕರ್ತೃವಿನ ಹೆಸರು ನಿಲ್ಲಬೇಕೆಂಬುದು ಸಂಪ್ರದಾಯ, ಹೋಗಲಿ, ಉಪಾಯವೇನು? ಪಟ್ಟಿ ಎಷ್ಟೆತ್ತರವೋ ಅಷ್ಟು ಪುಟ ಕೆಳಗೆ ಸರಿಸೂಕೆ ಎರಡು ಸಾಲು ಜಾವಾಸ್ಕ್ರಿಪ್ಟ್, ನಿಮ್ಮ ಪಟ್ಟಿಯ ಎತ್ತರ ತೊಂಬತ್ತು ಪಿಕ್ಸೆಲ್, ಐದೇ ನಿಮಿಷ ಮಾವ. ಐದು ನಿಮಿಷ! ಮಧುಕರನ ಒಂದು ಕಾಲು ಆಗಲೇ ಚಪ್ಪಲಿಯಲ್ಲಿದೆ, ಎರಡನೆಯದು ಹುಡುಕುತ್ತಿದೆ, ಮೂವತ್ತೈದು ವರ್ಷ ಪ್ರಬಂಧ ಕಲಿಸಿದವನಿಗೆ ಯಾವ ಸಾಲು ಹೆಚ್ಚಾಯಿತೆಂದು ಇನ್ನೊಬ್ಬರು ಹೇಳಬೇಕೇ — ಅಳಿಸಮ್ಮಾ ಆ ಎರಡನೆಯ ಸಾಲನ್ನು. ಬೇಡ ಮಾವ, ಜಾವಾಸ್ಕ್ರಿಪ್ಟ್ ಬರ್ದೇ ಆಯ್ತು. ಅಳಿಸು ಎಂದೆನಲ್ಲ! ಪ್ರಶಸ್ತೀನೂ? ಹೊಸ್ತಿಲಿನಿಂದ ಮಧುಕರ ಕೇಳುತ್ತಾನೆ, ಪ್ರಶಸ್ತಿಯನ್ನೂ ಎಂದೆ, ಅವನ ಕಾಲು ಚಪ್ಪಲಿಯಿಂದ ಹೊರಬಂತು, ಕುಳಿತ, ಒತ್ತಿದ, ಇಳಿದರು ದೊಡ್ಡಪ್ಪ, ಪೂರ್ತಿ ಇಳಿದರು, ಮಂಗೇಶ ಎಂಬ ಮೂರು ದಪ್ಪಕ್ಷರ, ಆದರೆ ನನಗೂ ಅವರಿಗೂ ನಡುವೆ ಇದೇನು ಈ ಖಾಲಿ? ಹೇಳ್ದೆ ಅಲ್ವಾ ಮಾವ, ಎರಡು ಸಾಲಿನ ಪಟ್ಟಿಗೆ ಅಂತ ತೊಂಬತ್ತು ಹಾಕಿದ್ದು, ಈಗ ಐವತ್ತು ಮಾಡ್ಲಾ? ಬೇಡ ತಂಗೀ, ಇರ್ಲಿ ಬಿಡು, ಅಪ್ಪಂಗೆ ಸ್ವಲ್ಪ ಗಾಳಿ ಆಡ್ಲಿ — ಮಧುಕರ ನಗುತ್ತಾನೆ, ಚೀಲ ಕೆಳಗಿಡುತ್ತಾನೆ, ಊಟಕ್ಕೆ ನಿಲ್ಲುತ್ತಾನೆ, ನಿಲ್ಲಲಿ, ಸಂತೋಷ, ಮತ್ತೆ ಮೇಲೆ ಹೋಗಿ ಒತ್ತುತ್ತಾನೆ, ದೊಡ್ಡಪ್ಪ ಬರುತ್ತಾರೆ, ಮೇಲೆ ಆ ಬಿಳಿ ಜಾಗ, ಒಂದು ಬೆರಳಗಲ, ಮತ್ತೆ ಒತ್ತುತ್ತಾನೆ, ಬಿಳಿ ಜಾಗ, ಸರಿಯಾಗಿ ನನ್ನ ಪ್ರಶಸ್ತಿಯ ಅಳತೆಯದು, ಮತ್ತೆ, ಬಿಳಿ