ಹೊಸ ತಂತಿ ಎಳೆದ ವಾರ

ಬೇಸಿಗೆ ಬಂತೆಂದರೆ ಬಿಟಿಎಂ ಲೇಔಟಿಗೆ ವಿದ್ಯುತ್ ತರುವ ಹಳೆಯ ತಂತಿಗಳು ಭಾರ ತಾಳದೆ ಕಾದು ಜೋತುಬೀಳುತ್ತಿದ್ದವು, ಬಡಾವಣೆಯಿಡೀ ಕತ್ತಲಾಗುತ್ತಿತ್ತು. ೨೦೦೨ರ ಫೆಬ್ರವರಿಯಲ್ಲಿ ಅವನ್ನು ತೆಗೆದು ದಪ್ಪ ತಂತಿ ಎಳೆಯುವ ಕೆಲಸ ಎಂಜಿನಿಯರ್ ವಿಜಯಲಕ್ಷ್ಮಿಯ ಪಾಲಿಗೆ ಬಂತು. ಒಂದು ವಾರ ಹಗಲೆಲ್ಲ ಕರೆಂಟ್ ಇರುವುದಿಲ್ಲವೆಂದು ಆಟೋಗೆ ಮೈಕು ಕಟ್ಟಿಸಿ ಹೇಳಿಸಿದಳು.

ಮರುದಿನವೇ ಶಂಕ್ರವ್ವ ಕಚೇರಿಗೆ ಬಂದಳು. ಗದಗಿನ ಕಡೆಯವಳು, ಗಂಡ ನೀಲಕಂಠಪ್ಪನ ಚಿಕಿತ್ಸೆಗೆಂದು ಇಲ್ಲಿ ಬಾಡಿಗೆ ಮನೆ ಹಿಡಿದಿದ್ದಳು.

"ಮೇಡಂ, ನಮ್ಮ ಮನಿಯವ್ರು ಆಕ್ಸಿಜನ್ ಮಷಿನ್ ಮ್ಯಾಲ ಅದಾರ್ರಿ. ಕರೆಂಟ್ ಹೋದಾಗ ಹಚ್ಚೂ ಸಿಲಿಂಡರ್ ಎರಡ್-ಮೂರು ತಾಸಿಗೆ ಮುಗೀತೈತಿ. ಇಡೀ ದಿನ ಕರೆಂಟ್ ತಗದ್ರ ನಾ ಏನ್ ಮಾಡ್ಲಿ?"

ಕೆಲಸ ಮುಂದೂಡಿದರೆ ಬೇಸಿಗೆ ಬಂದುಬಿಡುತ್ತದೆ. ಆಗ ಹೇಳದೆ ಕೇಳದೆ ಕರೆಂಟ್ ಹೋಗುತ್ತದೆ. ವಿಜಯಲಕ್ಷ್ಮಿ ಇನ್ನೊಂದು ದಾರಿ ಹೇಳಿದಳು.

"ತ್ಯಾಗರಾಜನಗರದಲ್ಲಿ ನಮ್ಮನೆ ಇದೆ. ಅಲ್ಲಿಗೆ ಬೇರೆ ಲೈನು. ಹಗಲು ಅಮ್ಮ ಒಬ್ರೇ ಇರ್ತಾರೆ. ಕೆಲಸ ಮುಗಿಯೋವರ್ಗೂ ಇಬ್ರೂ ಅಲ್ಲೇ ಇರಿ."

ತಾಯಿ ಈಶ್ವರಮ್ಮ ಕಿಟಕಿ ಪಕ್ಕದ ತಮ್ಮ ಮಂಚವನ್ನೇ ಬಿಟ್ಟುಕೊಟ್ಟರು. ಶಂಕ್ರವ್ವ ಅವರ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟಿದಳು.

ಒಂದು ಮಧ್ಯಾಹ್ನ, ಬಿಟಿಎಂ ಲೈನನ್ನು ನೆಚ್ಚಿದ್ದ ಬೇರೆ ಬಡಾವಣೆಗಳ ಭಾರವೂ ತನ್ನ ಮೇಲೆ ಬಿದ್ದು ತ್ಯಾಗರಾಜನಗರದ ಲೈನೂ ಕೈಕೊಟ್ಟಿತು.

"ವಿಜೀ, ಇಲ್ಲೂ ಹೋಯ್ತು ಕಣೇ! ಸಿಲಿಂಡರ್ ಹಾಕಿದೀವಿ," ಎಂದರು ಈಶ್ವರಮ್ಮ ಫೋನಿನಲ್ಲಿ.

ಟವರಿನ ಮೇಲೆ ಕೆಲಸಗಾರರಿದ್ದರು. ಅವರ ಸುರಕ್ಷತೆಯ ಹೊಣೆ ವಿಜಯಲಕ್ಷ್ಮಿಯದು, ಅವಳು ಜಾಗ ಬಿಡುವಂತಿರಲಿಲ್ಲ. ನಿಂತಲ್ಲಿಂದಲೇ ಕಂಟ್ರೋಲ್ ರೂಮಿಗೆ ಫೋನು ಮಾಡಿದಳು. "ಸಾರ್, ಬೇರೆ ಕಡೆ ಲೋಡ್ ಸ್ವಲ್ಪ ಇಳಿಸಿ, ತ್ಯಾಗರಾಜನಗರಕ್ಕೆ ಮೊದ್ಲು ಕೊಡಿ. ಆಕ್ಸಿಜನ್ ಮೇಲಿರೋ ಪೇಷಂಟ್ ಇದಾರೆ."

ಸಿಲಿಂಡರ್ ಬರಿದಾಗುವ ಮೊದಲೇ ಕರೆಂಟ್ ಬಂತು.

ಸಂಜೆ ಅವಳು ಓಡೋಡಿ ಮನೆಗೆ ಬಂದಾಗ ನೀಲಕಂಠಪ್ಪ ದಿಂಬಿಗೆ ಒರಗಿ ಕೂತಿದ್ದ.

"ನನ್ ಸಲುವಾಗಿ ಅವಸರ ಮಾಡಿ ಕಂಬದ ಮ್ಯಾಲಿನವ್ರಿಗೆ ಏನೂ ಆಗ್ಲಿಲ್ಲಲ್ರೀ?"

"ಇಲ್ಲ, ಎಲ್ರೂ ಚೆನ್ನಾಗಿದಾರೆ."

"ಚಲೋ ಆತು. ಅವ್ರ ಮನ್ಯಾಗೂ ದಾರಿ ಕಾಯಾವ್ರು ಇರ್ತಾರ."

ವಿಜಯಲಕ್ಷ್ಮಿ ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದಳು.

ಕೆಲಸ ಮುಗಿಯಿತು. ಆ ಬೇಸಿಗೆಯಲ್ಲಿ ಹೊಸ ತಂತಿ ಭಾರ ತಡೆಯಿತು. ಬಾಡಿಗೆ ಮನೆಗೆ ಮರಳಿದ ನೀಲಕಂಠಪ್ಪನ ಮಷಿನ್ ನಿಲ್ಲಲಿಲ್ಲ. ಈಶ್ವರಮ್ಮ ಮಾತ್ರ, ಒಬ್ಬರೇ ಹೊತ್ತು ಕಳೆಯಲಾರದೆ, ದಿನಾ ಮಧ್ಯಾಹ್ನ ಊಟ ಮುಗಿಸಿ ಬಸ್ಸು ಹತ್ತಿ ಬಿಟಿಎಂಗೆ, ಶಂಕ್ರವ್ವನ ಮನೆಗೆ, ಹೋಗತೊಡಗಿದರು.