ಎಡಗಿವಿ

ಡಾಕ್ಟರು ಶೀತಲ್‌ಳ ಎಡಗಿವಿಯನ್ನು ಮೇಲಕ್ಕೆಳೆದು ಹಿಡಿದು, ಒಳಗೆ ಬೆಳಕು ಬಿಟ್ಟು ನೋಡುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವಳ ಅಪ್ಪ ರಾಮಲಿಂಗಪ್ಪನೂ, ತನಗೂ ಏನಾದರೂ ಕಂಡೀತು ಎನ್ನುವ ಆಸೆಯಿಂದ ಕತ್ತು ಚಾಚಿ ಇಣುಕುತ್ತಿದ್ದ. ಹೊರಗೆ ಸಾತಾರಾ ರಸ್ತೆಯ ಮೇಲೆ ಮಳೆ ಹಿಡಿದಿತ್ತು. ಬಸ್ಸುಗಳು ನೀರು ಚಿಮ್ಮಿಸಿಕೊಂಡು ಹೋಗುವ ಸದ್ದು ಶೀತಲ್‌ಳ ಬಲಗಿವಿಗೆ ಚೆನ್ನಾಗಿಯೇ ಕೇಳುತ್ತಿತ್ತು.

"ಅಜೂನ್ ಬುಜಲಂ ನಾಹೀ," ಎಂದರು ಡಾಕ್ಟರು.

ಇನ್ನೂ ಮುಚ್ಚಿಲ್ಲ. ಮೊದಲು ಕಂಡದ್ದಕ್ಕಿಂತ ತೂತು ಸಣ್ಣದಾಗಿದೆ, ಅದು ಒಳ್ಳೆಯ ಲಕ್ಷಣವೇ. ಆದರೆ ಕಿವಿಯ ತಮಟೆ ತನ್ನ ಪಾಡಿಗೆ ತಾನು ಕೂಡಿಕೊಳ್ಳಬೇಕು, ಔಷಧಿ ಹಾಕಿ ಅವಸರ ಮಾಡುವ ಹಾಗಿಲ್ಲ. ನೀರು ಹೋಗಬಾರದು, ಎಣ್ಣೆ ಮುಟ್ಟಿಸಬಾರದು, ಜೋರಾಗಿ ಮೂಗು ಸೀಟಬಾರದು. ಇಷ್ಟನ್ನು ಅವರು ಹೋದ ಸಲವೂ ಹೇಳಿದ್ದರು. ರಾಮಲಿಂಗಪ್ಪ ತನ್ನ ಮಾರ್ಕೆಟ್ ಯಾರ್ಡಿನ ಮರಾಠಿಯಲ್ಲಿ, ಇನ್ನು ಮೂರು ವಾರದೊಳಗೆ ಮುಚ್ಚುತ್ತದಲ್ಲವೇ ಎಂದು ಕೇಳಿದ. ಡಾಕ್ಟರು ಕೈ ತೊಳೆಯುತ್ತಾ, ನೋಡೋಣ ಎಂದರು. ಡಾಕ್ಟರು ನೋಡೋಣ ಎಂದರೆ ಏನರ್ಥ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಆದರೂ ಅಪ್ಪ ಮಗಳಿಬ್ಬರೂ ಆ ಮಾತನ್ನೇ ಗಂಟು ಕಟ್ಟಿಕೊಂಡು ಮನೆಗೆ ಹೊರಟರು.

ಶೀತಲ್ ವಾಯುಪಡೆಯ ಲಾಜಿಸ್ಟಿಕ್ಸ್ ಶಾಖೆಯ ಅಧಿಕಾರಿಯಾಗಬೇಕಿತ್ತು. ಪರೀಕ್ಷೆ ಬರೆದು ಪಾಸಾಗಿದ್ದಳು. ಮೈಸೂರಿನಲ್ಲಿ ಐದು ದಿನ ಇದ್ದು, ಆಟ, ಮಾತು, ಮುಖಾಮುಖಿ ಎಲ್ಲವನ್ನೂ ದಾಟಿ, ಕೊನೆಗುಳಿದ ನಾಲ್ಕು ಜನರಲ್ಲಿ ಒಬ್ಬಳಾಗಿ ಬಂದಿದ್ದಳು. ಇನ್ನು ಉಳಿದದ್ದು ಬೆಂಗಳೂರಿನಲ್ಲಿ ವೈದ್ಯಕೀಯ ತಪಾಸಣೆ, ಆಮೇಲೆ ಅಂತಿಮ ಪಟ್ಟಿ. ಹಿಂದಿನ ಮೂರು ಸಲ ಮೈಸೂರಿನಿಂದಲೇ ಬರಿಗೈಯಲ್ಲಿ ವಾಪಸು ಬಂದವಳು ಆಕೆ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತಿತ್ತು. ಅಂದರೆ ಇದೇ ಕೊನೆಯದು.

ಮಗಳು ವಿಮಾನ ಹಾರಿಸುತ್ತೇನೆ ಎಂದಿದ್ದರೆ ರಾಮಲಿಂಗಪ್ಪನಿಗೆ ಅಷ್ಟು ತಿಳಿಯುತ್ತಿರಲಿಲ್ಲವೇನೋ. ಇಂಡಿ ಕಡೆಯಿಂದ ಈ ಮರಾಠಿ ನಗರಕ್ಕೆ ಬಂದು ಮೂವತ್ತು ವರ್ಷ ಮಾರ್ಕೆಟ್ ಯಾರ್ಡಿನ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನಿಗೆ ಈ ಲಾಜಿಸ್ಟಿಕ್ಸ್ ಮಾತ್ರ ಚೆನ್ನಾಗಿ ಅರ್ಥವಾಗಿತ್ತು. ಯಾವ ಮಾಲು ಎಲ್ಲಿಂದ ಎತ್ತಬೇಕು, ಎಲ್ಲಿ ಇಳಿಸಬೇಕು, ಯಾವುದು ಮೊದಲು ಕೆಡುತ್ತದೆ ಎಂಬ ವಿದ್ಯೆಯೇ ಅದು. ಹಮಾಲರಿಗೂ ಚಹದಂಗಡಿಯವನಿಗೂ ಅವನು ಹೇಳಿ ಆಗಿತ್ತು: "ಹಿಮದ ಗುಡ್ಡದ ಮ್ಯಾಲ ಕುಂತ ಮಂದಿಗೆ ಹಿಟ್ಟು, ಬ್ಯಾಳಿ, ಔಷಧ ಎಲ್ಲಾ ಮುಟ್ಟಸಾಕಿ ನಮ್ಮ ಶೀತಲ್‌ನ ನೋಡ್ರಿ." ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಸಾವಂತ್ರವ್ವ ಗಂಡನನ್ನು ಬೈಯುತ್ತಿದ್ದಳು. ಬೈಯುವಾಗ ಅವಳ ಮುಖದಲ್ಲೂ ಹಿಗ್ಗು ಕಾಣುತ್ತಿತ್ತು.

ಆದದ್ದು ಇಷ್ಟೇ. ಕೋಚಿಂಗ್ ಕ್ಲಾಸಿನಲ್ಲಿ ಶೀತಲ್‌ಳಿಗಿಂತ ಮುಂಚೆ ಆಯ್ಕೆಯಾಗಿದ್ದ ಅಪೂರ್ವ ಎಂಬ ಹುಡುಗಿ ಫೋನು ಮಾಡಿ, ತಪಾಸಣೆಗೆ ಹೋಗುವಾಗ ಕಿವಿ ಸ್ವಚ್ಛ ಇರಲಿ, ಗುಗ್ಗೆ ಕಂಡರೂ ತಡೆಹಿಡಿಯುತ್ತಾರೆ ಎಂದು ಎಚ್ಚರಿಸಿದ್ದಳು. ಕಿವಿ ಡಾಕ್ಟರ ಹತ್ತಿರ ಹೋಗಿ ತೆಗೆಸಿಕೋ ಎಂದೂ ಹೇಳಿದ್ದಳು. ಶೀತಲ್ ಊಟಕ್ಕೆ ಕೂತಾಗ ಮನೆಯಲ್ಲಿ ಅದನ್ನು ಹೇಳಿದಳು. ಸಾವಂತ್ರವ್ವ ನಕ್ಕುಬಿಟ್ಟಳು. ಗುಗ್ಗೆ ತೆಗೆಯುವುದಕ್ಕೂ ಒಬ್ಬ ಡಾಕ್ಟರೇ? ಅವಳ ತವರಿನ ಓಣಿಯಲ್ಲಿ ಹೆಂಗಸರು ಭಾನುವಾರ ಕಟ್ಟೆಯ ಮೇಲೆ ಕೂತು ಒಬ್ಬರ ಕಿವಿ ಒಬ್ಬರು ನೋಡುತ್ತಿದ್ದರು. ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು, ತುರುಬಿನ ಪಿನ್ನಿನಿಂದ ತೆಗೆಯುವುದು. ಈ ಮಗಳ ಕಿವಿಯನ್ನೂ ತೊಟ್ಟಿಲಿನಿಂದ ಅವಳೇ ನೋಡಿಕೊಂಡು ಬಂದಿದ್ದಳು.

ಬೆಂಗಳೂರಿಗೆ ಹೊರಡುವ ದಿನ ಮಧ್ಯಾಹ್ನ ಶೀತಲ್ ಅವ್ವನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ಬಲಗಿವಿ ಆಯಿತು. ಎಡಗಿವಿಯಲ್ಲಿ ಪಿನ್ನು ಇದ್ದಾಗ ಒಲೆಯ ಮೇಲಿನ ಕುಕ್ಕರು ಒಮ್ಮೆಲೇ ಕೂಗಿತು. ಸಾವಂತ್ರವ್ವನ ಕೈ ಬೆಚ್ಚಿತು. ಕಿವಿಯ ಒಳಗಿಂದ ಗಂಟಲತನಕ ನೋವು ಹರಿದು ಶೀತಲ್‌ಳ ಕಣ್ಣಲ್ಲಿ ನೀರು ಬಂತು. ಅವ್ವ ಅವಳ ಮುಖ ನೋಡಿದಳು. ಶೀತಲ್ ಕಣ್ಣೊರೆಸಿಕೊಂಡು, ಆಯಿತಲ್ಲ ಎಂದು ಎದ್ದು ಕೂತಳು.

ಅವರ ಮನೆಯಲ್ಲಿ ಒಳ್ಳೆಯ ಕೆಲಸಕ್ಕೆ ಹೊರಡುವವರ ಎದುರು ಯಾರೂ ಕೆಟ್ಟ ಮಾತು ಆಡುವಂತಿರಲಿಲ್ಲ. ನೋವು, ಜ್ವರ, ಇಲ್ಲ, ಬೇಡ, ಯಾವುದನ್ನೂ ಹೊಸ್ತಿಲು ದಾಟುವವರೆಗೆ ಬಾಯಿಗೆ ತರಬಾರದು. ಹೊರಟವರೂ ತರಬಾರದು. ಸಾವಂತ್ರವ್ವ ಮಗಳ ಅಂಗೈಗೆ ಮೊಸರು ಸಕ್ಕರೆ ಹಾಕಿದಳು, ಶೀತಲ್ ನೆಕ್ಕಿದಳು, ಇಬ್ಬರೂ ನಕ್ಕರು. ಕಿವಿಯಲ್ಲಿ ಸಣ್ಣಗೆ ಗುಂಯ್ ಎನ್ನುತ್ತಿದ್ದುದನ್ನು ರಾತ್ರಿ ಕಳೆದರೆ ಹೋದೀತು ಎಂದುಕೊಂಡು ಆಕೆ ರೈಲು ಹತ್ತಿದಳು.

ಬೆಂಗಳೂರಿನ ಡಾಕ್ಟರಿಗೆ ಅದನ್ನು ಕಂಡುಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಣ್ಣು, ಎದೆ, ಬೆನ್ನು, ರಕ್ತ ಎಲ್ಲ ಸರಿಯಿತ್ತು. ಎಡಗಿವಿಯ ತಮಟೆಯಲ್ಲಿ ತೂತು. ಅನ್‌ಫಿಟ್. ಬೇಕಾದರೆ ಆರು ವಾರದೊಳಗೆ ಮೇಲ್ಮನವಿಯ ವೈದ್ಯ ಮಂಡಳಿಯೆದುರು ಮತ್ತೊಮ್ಮೆ ತೋರಿಸಿಕೊಳ್ಳಬಹುದು. ಅಷ್ಟರಲ್ಲಿ ತೂತು ಮುಚ್ಚಿದ್ದರೆ ಸರಿ.

ಸ್ಟೇಶನ್ನಿನಿಂದ ಶೀತಲ್ ಅಪ್ಪನ ಅಂಗಡಿಗೆ ಫೋನು ಮಾಡಿದಳು. ಎಲ್ಲವನ್ನೂ ಹೇಳಿ ಮುಗಿಸಿ, "ಅವ್ವಗ ಹೇಳಬ್ಯಾಡ್ರಿ ಅಪ್ಪಾ," ಎಂದಳು. "ತನ್ನ ಕೈಯಿಂದ ಆತು ಅಂತ ಗೊತ್ತಾದ್ರ ಆಕಿ ಉಳಿಯೂದಿಲ್ಲ."

ಹೀಗಾಗಿ ಆ ಆರು ವಾರ ಬಿಬ್ವೇವಾಡಿಯ ಎರಡು ಕೋಣೆಯ ಮನೆಯಲ್ಲಿ ಒಂದು ಕಿವಿಯನ್ನು ಕಾಯುವುದೇ ಕೆಲಸವಾಯಿತು, ಅದೂ ಮನೆಯೊಡತಿಗೆ ತಿಳಿಯದ ಹಾಗೆ. ತಪಾಸಣೆ ಎರಡು ಸಲ ಇರುತ್ತದೆ, ಅದು ಸರಕಾರದ ಪದ್ಧತಿ ಎಂದು ರಾಮಲಿಂಗಪ್ಪ ಹೆಂಡತಿಗೆ ಹೇಳಿದ. ಸುಳ್ಳು ಹೇಳುವಾಗ ಅವನು ಟೋಪಿ ತೆಗೆದು ಒಳಗೆ ನೋಡಿ ಮತ್ತೆ ಇಟ್ಟುಕೊಳ್ಳುತ್ತಿದ್ದ. ಅಷ್ಟು ವರ್ಷ ವ್ಯಾಪಾರಸ್ಥರ ನಡುವೆ ಇದ್ದೂ ಅವನಿಗೆ ಆ ವಿದ್ಯೆ ಹತ್ತಿರಲಿಲ್ಲ. ಸಾವಂತ್ರವ್ವ ಕೇಳಿಸಿಕೊಂಡು, ಆಗಲಿ ಎಂದಳು.

ಶೀತಲ್ ಕೊಡೆಯನ್ನು ಎಡಕ್ಕೆ ವಾಲಿಸಿ ನಡೆಯುವುದನ್ನು ಕಲಿತಳು. ಬಚ್ಚಲಿಗೆ ಹೋಗುವಾಗ ಹತ್ತಿಯನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಹೋಗುತ್ತಿದ್ದಳು. ಸೀನು ಬಂದರೆ ಜೀವವೇ ಬಾಯಿಗೆ ಬರುತ್ತಿತ್ತು. ರಾತ್ರಿ ಬಲಮಗ್ಗುಲಿಗೆ ಮಲಗಿ, ಚರ್ಮ ಅಂಚಿನಿಂದ ಅಂಚಿಗೆ ಹೇಗೆ ಬೆಳೆಯುತ್ತದೆಂದು ಯೋಚಿಸುತ್ತಿದ್ದಳು. ದೇವರಲ್ಲಿ ಎಷ್ಟೋ ಜನ ಮನೆ ಬೇಡಿದ್ದಾರೆ, ಮಕ್ಕಳನ್ನು ಬೇಡಿದ್ದಾರೆ. ಸಾಸಿವೆ ಕಾಳಿನಷ್ಟು ಚರ್ಮವನ್ನು ಬೇಡಿದವಳು ತಾನೊಬ್ಬಳೇ ಇರಬೇಕು ಎನ್ನಿಸಿ ಅವಳಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು, ಅದರ ಬೆನ್ನಿಗೇ ಅಳು.

ಅವಳ ದೊಡ್ಡ ಭಯ ಭಾನುವಾರದ ಎಣ್ಣೆಸ್ನಾನ. ಸಾವಂತ್ರವ್ವ ಮಗಳ ತಲೆಗೆ ಎಣ್ಣೆ ಒತ್ತಿ, ಕಿವಿಗೆ ನಾಲ್ಕು ಹನಿ ಬಿಟ್ಟು, ತಾನೇ ನೀರು ಹಾಕುವುದು ಈಗಲೂ ನಡೆದುಕೊಂಡು ಬಂದಿದ್ದ ಪದ್ಧತಿ. ಬೇಡವೆನ್ನಲು ಶೀತಲ್ ಒಂದೊಂದು ವಾರಕ್ಕೆ ಒಂದೊಂದು ನೆಪ ಜೋಡಿಸಿಟ್ಟುಕೊಂಡಿದ್ದಳು. ಒಂದನ್ನೂ ಹೇಳುವ ಪ್ರಸಂಗ ಬರಲಿಲ್ಲ. ಮೊದಲ ಭಾನುವಾರ ಸಾವಂತ್ರವ್ವ ತನಗೇ ಮೈ ಸರಿಯಿಲ್ಲ ಎಂದಳು. ಎರಡನೆಯ ವಾರ ಎಣ್ಣೆ ತುಟ್ಟಿಯಾಗಿದೆ ಎಂದಳು. ಪಂಚಮಿಯ ದಿನವೂ, ಹೆಣ್ಣುಮಕ್ಕಳು ತಲೆಗೆ ಎರೆದುಕೊಳ್ಳದೆ ಬಿಡದ ಹಬ್ಬದಲ್ಲೂ, ಮಳೆಗೆ ಕೂದಲು ಆರುವುದಿಲ್ಲ ಎಂದು ಬಿಟ್ಟುಬಿಟ್ಟಳು. ಬದುಕಿದೆ ಎಂದುಕೊಂಡ ಶೀತಲ್ ಮುಂದೆ ಯೋಚಿಸಲಿಲ್ಲ. ಅವ್ವ ಆ ದಿನಗಳಲ್ಲಿ ತುರುಬಿಗೆ ಪಿನ್ನು ಬಿಟ್ಟು ಕರಿ ದಾರ ಸುತ್ತಿಕೊಳ್ಳತೊಡಗಿದ್ದನ್ನೂ ಆಕೆ ನೋಡಿದ್ದಳು. ಪಿನ್ನು ಚುಚ್ಚಿ ತಲೆ ನೋಯುತ್ತದೆ ಎಂದು ಸಾವಂತ್ರವ್ವ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು.

ಎರಡನೆಯ ಸಲ ಬೆಂಗಳೂರಿಗೆ ರಾಮಲಿಂಗಪ್ಪನೂ ಹೋದ. ಹೊರಡುವಾಗ ಸಾವಂತ್ರವ್ವ ಮಗಳ ಅಂಗೈಗೆ ಹಾಕಿದ ಮೊಸರು ಸಕ್ಕರೆ ಜಾರಿ ನೆಲಕ್ಕೆ ಸಿಡಿಯಿತು. ಅವಳು ನೆಲ ಒರೆಸಿ ಮತ್ತೊಮ್ಮೆ ಹಾಕಿದಳು.

ಮಂಡಳಿಯಲ್ಲಿದ್ದ ಹಿರಿಯ ಡಾಕ್ಟರು ಬಹಳ ಸೌಮ್ಯ ಮನುಷ್ಯ. ಎರಡು ಸಲ ನೋಡಿದರು, ಇನ್ನೊಬ್ಬರನ್ನು ಕರೆದು ತೋರಿಸಿದರು. ಕೂಡಿಕೊಳ್ಳುತ್ತಾ ಬಂದಿದೆ, ಆದರೆ ಅಂಚಿನಲ್ಲಿ ಇನ್ನೂ ಬಾಯಿ ಬಿಟ್ಟಿದೆ ಎಂದರು. ಒಂದು ತಿಂಗಳು ಬಿಟ್ಟು ನೋಡಿದ್ದರೆ ಬಹುಶಃ ಏನೂ ಕಾಣುತ್ತಿರಲಿಲ್ಲ. ಆದರೆ ಅವರು ಬರೆಯಬೇಕಾದದ್ದು ಇವತ್ತು ಕಂಡದ್ದನ್ನು. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕುತ್ತಾ ಅವರು ಹಿಂದಿಯಲ್ಲಿ ಕೇಳಿದರು: ಪೆಟ್ಟಾದ ಕೂಡಲೇ ತಿಳಿಸಿ ಮುಂದಿನ ತಾರೀಖು ಕೇಳಬಾರದಿತ್ತೇ ಮಗಳೇ? ಕೊಡುತ್ತಿದ್ದರೋ ಏನೋ.

ಮನೆಯಿಂದ ಹೊರಡುವಾಗ ನೋವಿನ ಮಾತು ಆಡುವಂತಿರಲಿಲ್ಲ ಎಂದು ಶೀತಲ್ ಅವರಿಗೆ ಹೇಗೆ ಹೇಳುವುದು.

ವಾಪಸು ಬರುವಾಗ ಬೆಳಿಗ್ಗೆ ದೌಂಡಿನಲ್ಲಿ ರೈಲು ಬಹಳ ಹೊತ್ತು ನಿಂತಿತು. ರಾಮಲಿಂಗಪ್ಪ ಇಳಿದು ಎರಡು ಚಹ ತಂದ. ಪಕ್ಕದ ಹಳಿಯ ಮೇಲೆ ಗೂಡ್ಸ್ ರೈಲೊಂದು ಚೀಲ ತುಂಬಿಕೊಂಡು ನಿಂತಿತ್ತು. ಬೇರೆ ದಿನವಾಗಿದ್ದರೆ ಅದು ಸಕ್ಕರೆಯೋ ಗೊಬ್ಬರವೋ, ಎಲ್ಲಿಗೆ ಹೊರಟಿದೆ ಎಂದು ಅಪ್ಪ ಮಗಳು ಪಂದ್ಯ ಕಟ್ಟುತ್ತಿದ್ದರು. ಅದು ಅವಳು ಸಣ್ಣವಳಿದ್ದಾಗಿನಿಂದ ಇಬ್ಬರೂ ಆಡಿಕೊಂಡು ಬಂದ ಆಟ. ಇವತ್ತು ರಾಮಲಿಂಗಪ್ಪ ಆ ಕಡೆ ತಿರುಗಲೇ ಇಲ್ಲ.

"ನಿಮ್ಮವ್ವಗ ಏನ್ ಹೇಳೂಣ?" ಎಂದ.

"ಮೆರಿಟ್ಟಿನ್ಯಾಗ ನನ್ನ ಹೆಸರು ಬರಲಿಲ್ಲ ಅಂತ ಹೇಳ್ರಿ. ಬಾಕಿಯವರು ನನಕಿಂತ ಭಾಳ ಶಾಣ್ಯಾರಿದ್ರು ಅಂತ."

ರಾಮಲಿಂಗಪ್ಪ ಟೋಪಿ ತೆಗೆದು ಒಳಗೆ ನೋಡಿದ. ಮತ್ತೆ ಇಟ್ಟುಕೊಳ್ಳಲಿಲ್ಲ, ಅದನ್ನು ಕಣ್ಣಿಗೆ ಒತ್ತಿಕೊಂಡು ಕೂತ. ಶೀತಲ್ ತನ್ನ ಅಳುವನ್ನು ಬೆಂಗಳೂರಿನಲ್ಲೇ ಮುಗಿಸಿದ್ದೇನೆ ಎಂದುಕೊಂಡಿದ್ದಳು. ಅಪ್ಪನನ್ನು ಹಾಗೆ ನೋಡಿದ ಮೇಲೆ ಮುಗಿದಿಲ್ಲವೆಂದು ತಿಳಿಯಿತು.

ಸಾವಂತ್ರವ್ವ ಬಾಗಿಲಲ್ಲೇ ನಿಂತಿದ್ದಳು. ಗಂಡ ಹೇಳಿದ್ದನ್ನು ಪೂರ್ತಿ ಕೇಳಿದಳು. ಬಾಕಿಯವರು ಶಾಣ್ಯಾರಿದ್ದ ಸಂಗತಿಯನ್ನೂ ಕೇಳಿದಳು. ಎಷ್ಟು ಮಂದಿ, ಎಲ್ಲಿಯವರು, ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ. ಕೈಕಾಲು ತೊಳೆದುಕೊಳ್ಳಿ, ರೊಟ್ಟಿ ಆರುತ್ತವೆ ಎಂದು ಒಳಗೆ ಹೋದಳು. ಅವತ್ತಿನಿಂದ ಮನೆಯಲ್ಲಿ ಆ ವಿಷಯ ಎತ್ತಿದವರಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಕೇಳಿದವರಿಗೆ ಏನು ಹೇಳಿದನೋ, ರಾಮಲಿಂಗಪ್ಪ ಬೇರೆ ಅಂಗಡಿಗೆ ಚಹಕ್ಕೆ ಹೋಗತೊಡಗಿದ.

ಭಾನುವಾರ ಬೆಳಿಗ್ಗೆ ಶೀತಲ್ ಎದ್ದಾಗ ಮನೆಯೆಲ್ಲ ಬಳ್ಳೊಳ್ಳಿ ಎಣ್ಣೆಯ ವಾಸನೆ. ಬಚ್ಚಲಲ್ಲಿ ಎರಡು ಬಕೆಟ್ ಬಿಸಿನೀರು ಹಬೆಯಾಡುತ್ತಿತ್ತು. ಸಾವಂತ್ರವ್ವ ಮಣೆ ಹಾಕಿ ಕರೆದಳು. ಕೂಡಿಟ್ಟಿದ್ದ ನೆಪಗಳಲ್ಲಿ ಒಂದೂ ಶೀತಲ್‌ಳ ನೆನಪಿಗೆ ಬರಲಿಲ್ಲ. ಇನ್ನು ಕಾಯುವುದು ಏನು ಉಳಿದಿದೆ ಎಂದುಕೊಂಡು ಹೋಗಿ ಕೂತಳು. ಎಣ್ಣೆ ನೆತ್ತಿಗೆ ಬಿತ್ತು. ಅವ್ವನ ಬೆರಳು ಕೂದಲ ಬುಡಕ್ಕೆ ಇಳಿದು ಮೆಲ್ಲಗೆ ಒತ್ತತೊಡಗಿದಾಗ ಅವಳಿಗೆ ಆರು ವಾರದ ದಣಿವೆಲ್ಲ ಒಮ್ಮೆಲೇ ಬಂದು ಕಣ್ಣು ಮುಚ್ಚಿಹೋಯಿತು.

ಬೆರಳು ಕಿವಿಯ ಹತ್ತಿರ ಬಂತು. ಎಣ್ಣೆ ಬೀಳಲಿಲ್ಲ. ಸಣ್ಣದಾಗಿ ಹೊಸೆದ ಹತ್ತಿಯ ಉಂಡೆಯೊಂದು ಎಡಗಿವಿಯ ಬಾಯಲ್ಲಿ ಬಹಳ ಮೆತ್ತಗೆ ಬಂದು ಕೂತಿತು. ಬಲಗಿವಿಯನ್ನು ಸಾವಂತ್ರವ್ವ ಮುಟ್ಟಲೇ ಇಲ್ಲ.

ಶೀತಲ್ ತಿರುಗದೆಯೇ ಕೇಳಿದಳು. "ಅಪ್ಪಾ ಹೇಳಿದ್ರೇನವ್ವಾ?"

"ಯಾರೂ ಹೇಳಿಲ್ಲ." ಸಾವಂತ್ರವ್ವನ ಕೈ ಕೂದಲಲ್ಲೇ ನಿಂತಿತ್ತು. "ಅವತ್ತ ಪಿನ್ನಿನ ತುದಿಗೆ ಕೆಂಪಗ ಹತ್ತಿತ್ತು. ಸೆರಗಿಗೆ ಒರಿಸ್ಕೊಂಡೆ. ಹೊರಟು ನಿಂತ ಮಗಳಿಗೆ ಹ್ಯಾಂಗ ಹೇಳಲಿ?"

ಆ ಮಧ್ಯಾಹ್ನ ಒಂದು ಮಾತು, ಇಬ್ಬರಲ್ಲಿ ಯಾರೊಬ್ಬರಾದರೂ ಆಡಿದ್ದರೆ ಸಾಕಿತ್ತು. ಅದು ಶೀತಲ್‌ಳಿಗೂ ಗೊತ್ತಾಯಿತು, ಸಾವಂತ್ರವ್ವನಿಗೆ ಯಾವಾಗಲೋ ಗೊತ್ತಿತ್ತು. ಎಣ್ಣೆ ತುಟ್ಟಿಯಾದದ್ದು, ಪಂಚಮಿಗೆ ಕೂದಲು ಆರದೆ ಹೋದದ್ದು, ಕರಿ ದಾರ, ಒಂದೊಂದೇ ಶೀತಲ್‌ಳ ಕಣ್ಣ ಮುಂದೆ ಬಂದು ನಿಂತವು. ಮೂರು ಜನರ ಮನೆಯಲ್ಲಿ ಮೂವರೂ ಒಂದೇ ಕಿವಿಯನ್ನು ಕಾದಿದ್ದರು, ಅಪ್ಪ ಮಗಳು ಅವ್ವನಿಗೆ ತಿಳಿಯದಂತೆ, ಅವ್ವ ಅವರಿಬ್ಬರಿಗೂ ತಿಳಿಯದಂತೆ.

"ನನಗೂ ಭಾಳ ನೋವಾಗಿತ್ತವ್ವಾ ಅವತ್ತ," ಎಂದಳು.

"ಗೊತ್ತದ," ಎಂದಳು ಸಾವಂತ್ರವ್ವ. ಬಕೆಟ್ಟನ್ನು ಹತ್ತಿರ ಎಳೆದುಕೊಂಡು, "ತಲಿ ಬಗ್ಗಸು," ಎಂದಳು.

ಶೀತಲ್ ತಲೆ ಬಗ್ಗಿಸಿದಳು. ಸಾವಂತ್ರವ್ವ ಬಲಗೈಯಲ್ಲಿ ಚೆಂಬು ಹಿಡಿದಳು. ಎಡಗೈಯನ್ನು ಬಾಗಿಸಿ ಮಗಳ ಎಡಗಿವಿಯ ಮೇಲೆ ಮುಚ್ಚಿದಳು. ನೀರು ನೆತ್ತಿಯಿಂದ ಇಳಿದು ಆ ಕೈಯ ಹಿಂಬದಿಯ ಮೇಲೆ ಹರಿದು, ಬಳೆಗಳನ್ನು ದಾಟಿ ಮೊಣಕೈಯಿಂದ ನೆಲಕ್ಕೆ ಬೀಳುತ್ತಿತ್ತು. ನೀರು ಬಹಳ ಬಿಸಿಯಿತ್ತು. ಎರಡು ಬಕೆಟ್ ಖಾಲಿಯಾಗುವವರೆಗೂ ಅವಳು ಆ ಕೈಯನ್ನು ತೆಗೆಯಲಿಲ್ಲ.