ಎಸ್ಕೋನ ಪರದೆಯ ದಪ್ಪ ಅಕ್ಷರ

ಗುರುವಾರ ಮಧ್ಯಾಹ್ನ ಎಸ್ಕೋ ಸೌದೆ ಒಡೆದು ಒಳಗೆ ಬಂದಾಗ ಅವನ ಕಂಪ್ಯೂಟರಿನ ಪರದೆಯ ಮೇಲೆ ಎಲ್ಲವೂ ಊದಿಕೊಂಡು ಕೂತಿತ್ತು. ಅಕ್ಷರಗಳು ಅಂಗಡಿ ಬೋರ್ಡಿನ ಹಾಗೆ ದಪ್ಪ.

“ಇದೇನೋ ನಿಂಗೆ ಬಂದ ರೋಗ?” ಎಂದು ಪರದೆಯನ್ನು ಕೇಳಿದ. ಹೆಂಡತಿ ಇರ್ಮೆಲಿಯನ್ನು ಕೇಳಲಿಲ್ಲ. ಕೇಳಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು, ಯಾಕೆಂದರೆ ಮಾಡಿದವಳು ಇರ್ಮೆಲಿಯೇ.

ಇರ್ಮೆಲಿ ಹತ್ತೊಂಬತ್ತು ವರ್ಷದಿಂದ ಶಾಲೆ ಮಕ್ಕಳ ಟ್ಯಾಕ್ಸಿ ಓಡಿಸುವವಳು. ಕಾಡಿನ ರಸ್ತೆಯಲ್ಲಿ ಇಪ್ಪತ್ತಾರು ಕಿಲೋಮೀಟರ್, ಆರು ಮಕ್ಕಳು. ನಾಳೆ ಯಾರು ಬರುತ್ತಾರೆ, ಯಾರಿಗೆ ಜ್ವರ ಎಂಬ ಪಟ್ಟಿ ಪ್ರತಿದಿನ ಮಧ್ಯಾಹ್ನ ಈ ಕಂಪ್ಯೂಟರಿಗೆ ಬರುತ್ತಿತ್ತು. ನವೆಂಬರಿನಿಂದ ಅದನ್ನು ಓದುವುದು ಕಷ್ಟವಾಗಿತ್ತು. ಕನ್ನಡಕ ಎರಡು ಸಲ ಬದಲಾಯಿಸಿದಳು. ಮಂಜು ಕನ್ನಡಕದಲ್ಲಿರಲಿಲ್ಲ, ಕಣ್ಣಿನಲ್ಲಿತ್ತು. ಈಗ ಮಾರ್ಚ್. ಬಾಯಿಬಿಟ್ಟರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸಿನ ಹಿಂದೆ ಕೆಲಸವೂ ಹೋಗುತ್ತದೆ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡು, ಸೆಟ್ಟಿಂಗ್ಸಿಗೆ ಹೋಗಿ ಸಿಕ್ಕಿದ್ದನ್ನು ಒತ್ತಿದ್ದಳು. ಅಕ್ಷರ ದೊಡ್ಡದಾಯಿತು, ಪಟ್ಟಿ ಓದಿದಳು. ವಾಪಸ್ ಸಣ್ಣದು ಮಾಡುವುದು ಹೇಗೆಂದು ಗೊತ್ತಾಗಲಿಲ್ಲ.

ಎಸ್ಕೋ ಕಾಗದದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ಕೆಟ್ಟ ಯಂತ್ರ ಕಂಡರೆ ಅವನಿಗೆ ಹಬ್ಬ. ಅದರಲ್ಲೂ ಇದನ್ನು ಓಡಿಸುವ ತಂತ್ರಾಂಶ ಲಿನಕ್ಸ್. ತಮ್ಮದೇ ದೇಶದ ಹೆಲ್ಸಿಂಕಿಯಲ್ಲಿ ಹುಟ್ಟಿದ್ದು ಎಂದು ಅವನಿಗೆ ಸ್ವಂತ ಅಣ್ಣನ ಮಗನ ಮೇಲಿದ್ದಷ್ಟು ಅಭಿಮಾನ. ರೆಸಲ್ಯೂಶನ್ ಸರಿ ಮಾಡಿದ. ಮರುದಿನ ಮಧ್ಯಾಹ್ನ ಮತ್ತೆ ದಪ್ಪ ಅಕ್ಷರ! ಶನಿವಾರ ಕೇಬಲ್ ಬದಲಾಯಿಸಿದ, ಭಾನುವಾರ ಹೊಸ ಅಪ್‌ಡೇಟ್ ಕಿತ್ತುಹಾಕಿ ಹಳೆಯದನ್ನೇ ಕೂರಿಸಿದ. ಆ ತಂತ್ರಾಂಶ ನೋಡಿಕೊಳ್ಳುವ ನಾರ್ವೆಯ ಯಾರೋ ಪುಣ್ಯಾತ್ಮನಿಗೆ ಎರಡು ಪುಟದ ದೂರು ಬರೆದ. ಆತ ಪಾಪ, ತನ್ನ ಯಂತ್ರವನ್ನೂ ಬಿಚ್ಚಿ ನೋಡಿದನಂತೆ.

“ಬಂದು ಬಂದು ಹೋಗೋ ದೋಷ ಇದೆಯಲ್ಲ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ,” ಎಂದ ಎಸ್ಕೋ ಕಾಫಿ ಕುಡಿಯುತ್ತ. “ಕಾರ್ಖಾನೇಲಿ ಅಂಥ ಯಂತ್ರದ ಹತ್ರ ಜನಾನ ಬಿಡ್ತಿರಲಿಲ್ಲ ನಾವು.”

“ಕಂಪ್ಯೂಟರ್ ಯಾರ ಕೈನೂ ಕತ್ತರಿಸಲ್ಲ ಬಿಡು,” ಎಂದಳು ಇರ್ಮೆಲಿ. ಆದರೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಸೋಮವಾರ ಅಕ್ಷರ ಮತ್ತೆ ದಪ್ಪಗಾದಾಗ ಅವನು ಯಂತ್ರ ತಾನೇ ಬರೆದುಕೊಳ್ಳುವ ದಿನಚರಿಯನ್ನು ತೆಗೆದ. ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಬದಲಾವಣೆ. ತಾನಾಗಿ ಆದದ್ದಲ್ಲ, ಯಾರೋ ಮಾಡಿದ್ದು. ಎಸ್ಕೋ ಕೀಬೋರ್ಡಿನ ಪಕ್ಕ ಮಲಗಿದ್ದ ಬೆಕ್ಕನ್ನು ನೋಡಿದ.

“ನೀನಾ ಕಳ್ಳ!”

ಬೆಕ್ಕು ನೋಕಿ ಕಣ್ಣೂ ಬಿಡಲಿಲ್ಲ. ಅದನ್ನು ಎತ್ತಿಕೊಂಡು ಹೋಗಿ ಹಬೆಸ್ನಾನದ ಸೌನಾಮನೆಯ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂಡಿಹಾಕಿದ. ಮಾಡಿದ ತಪ್ಪು ಒಬ್ಬಳದು, ಜೈಲು ಇನ್ನೊಬ್ಬರಿಗೆ. ಇರ್ಮೆಲಿ ಗುಟ್ಟಾಗಿ ಒಂದು ತುಂಡು ಮೀನು ಕೊಟ್ಟು ಬಂದಳು. ಮಂಗಳವಾರ ಪಟ್ಟಿ ಓದಲೇಬೇಕಿತ್ತು. ಮತ್ತೆ ಅದನ್ನೇ ಒತ್ತಿದಳು.

ಬುಧವಾರ ಬೆಳಗ್ಗೆ ಇರ್ಮೆಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಮನೆಗೆ ಬಂದಾಗ ಎಸ್ಕೋ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದ. ನೋಕಿ ಅವನ ತೊಡೆಯ ಮೇಲಿತ್ತು.

“ಬೆಕ್ಕಿಗೆ ಬಿಡುಗಡೆ ಆಯ್ತಾ?”

“ಅದು ಒಳಗಿದ್ದಾಗ್ಲೂ ಅಕ್ಷರ ದಪ್ಪ ಆಯ್ತಲ್ಲ. ಮನೇಲಿ ಉಳಿದೋರು ನಾವಿಬ್ರು. ನೀನು ಮುಟ್ಟಿದ್ರೆ ನಂಗೆ ಹೇಳ್ತಿದ್ದೆ.” ಬೆಕ್ಕಿನ ಬೆನ್ನು ಸವರಿದ. “ಅಂದ್ರೆ ನಾನೇ ಮಾಡ್ತಿದ್ದೀನಿ, ಆಮೇಲೆ ಮರೀತಿದ್ದೀನಿ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದ್ದೀನಿ. ನೆನಪಿನ ಪರೀಕ್ಷೆ ಮಾಡ್ತಾರಂತೆ, ಇವತ್ತು ಹನ್ನೊಂದಕ್ಕೆ.”

ಹವಾಮಾನ ಹೇಳುವವನ ಹಾಗೆ ಹೇಳಿದ. ಆದರೆ ಅಂಗಿಯ ಗುಂಡಿ ಒಂದು ಕಾಜ ತಪ್ಪಿ ಮೇಲಕ್ಕೆ ಹೋಗಿತ್ತು. ಇರ್ಮೆಲಿಗೆ ಮಾವನ ನೆನಪಾಯಿತು. ಆ ಅಪ್ಪ ಕೊನೆಯ ಎರಡು ವರ್ಷ ಇದೇ ಮೇಜಿನ ಮುಂದೆ ಕೂತು ಮಗನನ್ನು ‘ತಾವು ಯಾರು’ ಎಂದು ಕೇಳುತ್ತಿದ್ದರು. ಇವನು ಎಷ್ಟು ರಾತ್ರಿ ನಿದ್ದೆಗೆಟ್ಟು ಇದನ್ನು ಯೋಚಿಸಿದನೋ! ತನ್ನ ಮೇಲೆ ಅವಳಿಗೆ ಅಸಹ್ಯವಾಯಿತು.

“ಎಸ್ಕೋ, ನಾನು ಕಣೋ ಮಾಡಿದ್ದು.”

“ಏನು?”

“ಆ ಅಕ್ಷರ. ಪ್ರತಿ ಸಲಾನೂ ನಾನೇ. ಪಟ್ಟಿ ಓದೋಕಾಗಲ್ಲ ನಂಗೆ. ಎಲ್ಲಾ ಮಂಜು ಮಂಜು.”

ಎಸ್ಕೋನ ಹೆಗಲು ನಿಧಾನವಾಗಿ ಕೆಳಗಿಳಿಯಿತು.

“ಹಾಗಾದ್ರೆ ನನ್ನ ತಲೆ ಸರಿಯಾಗಿದೆ.”

“ಯಾವಾಗ್ಲೂ ಎಷ್ಟು ಸರಿಯಿತ್ತೋ ಅಷ್ಟೇ ಇದೆ.”

“ಅಕ್ಷರ ದೊಡ್ಡದು ಮಾಡೋಕೆ ರೆಸಲ್ಯೂಶನ್ ಮುಟ್ಟಬೇಕಾಗಿಲ್ಲ ಮಾರಾಯ್ತಿ. ಎರಡು ಕೀಲಿ ಒತ್ತಿದ್ರೆ ಸಾಕಿತ್ತು.” ನಾರ್ವೆಯವನಿಗೆ ಉತ್ತರ ಬರೆಯಲೆಂದು ಕೀಬೋರ್ಡ್ ಎಳೆದುಕೊಂಡ. ಎರಡು ಪದ ಬರೆದವನು ಅಲ್ಲೇ ನಿಲ್ಲಿಸಿದ. ಹೆಂಡತಿಯ ಕಡೆ ತಿರುಗಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

“ಇರ್ಮೆಲಿ. ರಸ್ತೆ ಕಾಣಿಸುತ್ತಾ?”

“ನನಗೆ ರಸ್ತೆ ಬಾಯಿಪಾಠ.”

“ಅದನ್ನ ಕೇಳಲಿಲ್ಲ ನಾನು.”

ಅವಳು ಫೋನ್ ತೆಗೆದು, ಟ್ಯಾಕ್ಸಿಗಳನ್ನು ಗೊತ್ತುಮಾಡುವ ಯಾನ್ನೆಯ ನಂಬರು ಒತ್ತಿದಳು. ಅವನ ಎಂಟು ವರ್ಷದ ಮಗಳು ದಿನಾ ಇರ್ಮೆಲಿಯ ಹಿಂದಿನ ಸೀಟಿನಲ್ಲೇ ಕೂರುವವಳು.

“ಯಾನ್ನೆ, ಮಧ್ಯಾಹ್ನ ಎರಡಕ್ಕೆ ಮಕ್ಕಳನ್ನ ಕರ್ಕೊಂಡು ಬರೋಕೆ ಬೇರೆಯವರನ್ನ ಕಳಿಸಪ್ಪ.”

“ಯಾಕಕ್ಕಾ, ಗಾಡಿ ಕೈಕೊಡ್ತಾ?”

“ಗಾಡಿ ಚೆನ್ನಾಗಿದೆ. ನನಗೆ ಕಣ್ಣು ಕಾಣಿಸ್ತಿಲ್ಲ.”

“ಅಯ್ಯೋ! ಇವತ್ತಿನಿಂದಲಾ?”

ಹೌದು ಎಂದುಬಿಡಬಹುದಿತ್ತು. ಹತ್ತೊಂಬತ್ತು ವರ್ಷದ ಒಳ್ಳೆಯ ಹೆಸರು ಉಳಿಯುತ್ತಿತ್ತು, ಹೂಗುಚ್ಛ ಕೊಟ್ಟು ಕೇಕ್ ಕತ್ತರಿಸಿ ಕಳಿಸುತ್ತಿದ್ದರು. ಎಸ್ಕೋ ಬೆಕ್ಕನ್ನು ಎದೆಗೊತ್ತಿಕೊಂಡು ಅವಳನ್ನೇ ನೋಡುತ್ತಿದ್ದ.

“ನವೆಂಬರಿನಿಂದ,” ಎಂದಳು.

ಯಾನ್ನೆಯ ದನಿ ತಗ್ಗಿತು.

“ಇವತ್ತು ಬೆಳಗ್ಗೆ ನಾನೇ ಮಗಳಿಗೆ ಬೆಲ್ಟ್ ಹಾಕಿ ಕೂರಿಸಿದ್ದು, ಇರ್ಮೆಲಿ.”

“ಗೊತ್ತು,” ಎಂದಳು. ಫೋನ್ ಇಡಲಿಲ್ಲ. ಅವನು ಬೈಯಲಿ ಎಂದು ಕಾದಳು.